ನಿಷ್ಠುರ ಸತ್ಯವೋ, ಕರುಣೆಯೋ? ಲಾಸ್ ಕಾಸಾಸರ ಎರಡು ಕೃತಿಗಳ ಮರು ಓದು

ಜನರ ರಾಜಕೀಯ ನಿಲುವನ್ನು ಬದಲಿಸುವುದು ಯಾವುದು? ಮುಚ್ಚುಮರೆಯಿಲ್ಲದೆ ಮುಂದಿಟ್ಟ ವಾಸ್ತವಾಂಶಗಳೋ, ಕೇಳುಗರ ಮನಸ್ಸನ್ನರಿತು ಆಡಿದ ಕರುಣೆಯ ಮಾತೋ? ಪ್ರಬೋಧನಾ ಪೀಠದಲ್ಲಿ ನಿಲ್ಲುವ ಯಾವ ಗುರುವೂ ಈ ಪ್ರಶ್ನೆಯನ್ನು ಬಹುಕಾಲ ತಪ್ಪಿಸಿಕೊಳ್ಳಲಾರ. ಆದರೆ ನಮ್ಮಲ್ಲಿ ಇದು ಸಾಮಾನ್ಯವಾಗಿ ಸ್ವಭಾವದ ಪ್ರಶ್ನೆಯಾಗಿ ಮುಗಿದುಹೋಗುತ್ತದೆ. ಖಾರವಾಗಿ ಮಾತನಾಡುವವರನ್ನು ಪ್ರವಾದಿಗಳೆನ್ನುತ್ತೇವೆ. ಮೆಲ್ಲನೆ ಮಾತನಾಡುವವರನ್ನು ಒಳ್ಳೆಯ ಕುರುಬರೆನ್ನುತ್ತೇವೆ. ಧರ್ಮಸಭೆಗೆ ಇಬ್ಬರೂ ಬೇಕು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಸುಲಭವಾದದ್ದು, ಆದರೆ ದೈವಶಾಸ್ತ್ರದ ದೃಷ್ಟಿಯಿಂದ ಸಾಲದು.

ಇದನ್ನು ಪರೀಕ್ಷಿಸಲು ಎರಡು ದನಿಗಳಲ್ಲಿಯೂ ಬರೆದ ಒಬ್ಬನೇ ಲೇಖಕ ನಮಗೆ ದೊರೆಯುವುದು ಒಂದು ಅನುಕೂಲ. ದೊಮಿನಿಕನ್ ಸನ್ಯಾಸಿಯೂ ಚಿಯಾಪಸ್‌ನ ಧರ್ಮಾಧ್ಯಕ್ಷರೂ ಆಗಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ (1484–1566) ಅಂಥವರು. ಅಮೆರಿಕದ ಮೂಲನಿವಾಸಿಗಳ ಪರವಾಗಿ ಅವರು ನಡೆಸಿದ ಹೋರಾಟ ಧರ್ಮಸಭೆಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಅವರ ಎರಡು ಕೃತಿಗಳನ್ನು ಪರಸ್ಪರ ಎದುರಿಗಿಟ್ಟು ಓದುವುದು ಈ ಲೇಖನದ ಉದ್ದೇಶ.

ಒಂದೇ ಲೇಖನಿ, ಎರಡು ದನಿ

ಮೊದಲನೆಯದು 1530ರ ದಶಕದಲ್ಲಿ ಲತೀನಿನಲ್ಲಿ ರಚಿತವಾದ, ಎಲ್ಲ ಜನಾಂಗಗಳನ್ನು ಸತ್ಯಧರ್ಮಕ್ಕೆ ಕರೆಯುವ ಏಕೈಕ ಮಾರ್ಗವನ್ನು ಕುರಿತ ಗ್ರಂಥ. ಇದರ ಕೆಲವು ಅಧ್ಯಾಯಗಳು ಮಾತ್ರ ಉಳಿದುಬಂದಿವೆ. ಅವು ಅಚ್ಚಾದದ್ದು 1942ರಲ್ಲಿ, ಮೆಕ್ಸಿಕೊದಲ್ಲಿ. ಇದರ ವಾದ ಸರಳ: ಬುದ್ಧಿಯನ್ನು ಕಾರಣಗಳಿಂದ ಒಪ್ಪಿಸಬೇಕು, ಇಚ್ಛೆಯನ್ನು ಮೃದುವಾಗಿ ಸೆಳೆಯಬೇಕು; ಬೇರೆ ದಾರಿಯಿಲ್ಲ. ಭಯ ಮತ್ತು ಗದ್ದಲದ ನಡುವೆ ಬುದ್ಧಿ ಸತ್ಯವನ್ನು ತೂಗಿನೋಡಲಾರದು. ಅದಕ್ಕೆ ಬಿಡುವು ಬೇಕು, ನೆಮ್ಮದಿ ಬೇಕು. ಪ್ರಬೋಧಕನಿಗೂ ಅವರು ಷರತ್ತುಗಳನ್ನು ವಿಧಿಸುತ್ತಾರೆ. ಅವನಿಗೆ ತಮ್ಮ ಮೇಲೆ ಅಧಿಕಾರ ನಡೆಸುವ ಆಸೆಯಿಲ್ಲವೆಂದು, ತಮ್ಮ ಸಂಪತ್ತಿನ ಮೇಲೆ ಕಣ್ಣಿಲ್ಲವೆಂದು ಕೇಳುಗರಿಗೆ ಮನವರಿಕೆಯಾಗಬೇಕು. ಅವನು ವಿನಯಿಯೂ ಸೌಮ್ಯನೂ ಆಗಿರಬೇಕು, ಪ್ರೀತಿಯುಳ್ಳವನಾಗಿರಬೇಕು, ಅವನ ಬದುಕು ನಿರ್ದೋಷವಾಗಿರಬೇಕು.

ಎರಡನೆಯದು 1542ರಲ್ಲಿ ಬರೆದು 1552ರಲ್ಲಿ ಸೆವಿಲ್ ನಗರದಲ್ಲಿ ಅಚ್ಚಾದ, ಇಂಡೀಸಿನ ವಿನಾಶವನ್ನು ಕುರಿತ ಅತಿ ಸಂಕ್ಷಿಪ್ತ ವೃತ್ತಾಂತ. ಇಲ್ಲಿ ಮೃದುತ್ವದ ಸುಳಿವೇ ಇಲ್ಲ. ಪ್ರಾಂತ್ಯದ ಮೇಲೆ ಪ್ರಾಂತ್ಯವನ್ನು ತೆಗೆದುಕೊಂಡು ಎಷ್ಟು ಜನರಿದ್ದರು, ಹೇಗೆ ಕೊಲ್ಲಲ್ಪಟ್ಟರು, ಈಗ ಎಷ್ಟು ಜನ ಉಳಿದಿದ್ದಾರೆ ಎಂದು ಲೆಕ್ಕ ಒಪ್ಪಿಸಲಾಗಿದೆ. ಮೂಲನಿವಾಸಿಗಳು ಕುರಿಗಳು, ಸ್ಪೇನಿನವರು ತೋಳಗಳು, ಹುಲಿಗಳು, ಸಿಂಹಗಳು. ಓದುಗನಿಗೆ ಉಸಿರಾಡಲು ಬಿಡುವಿಲ್ಲ. ಬುದ್ಧಿಗೆ ನೆಮ್ಮದಿ ಬೇಕೆಂದು ಬರೆದ ಲೇಖನಿಯೇ ಇದನ್ನೂ ಬರೆದದ್ದು.

ಇದನ್ನು ವಿರೋಧಾಭಾಸವೆಂದು ತಳ್ಳಿಹಾಕಬಹುದು, ಅಥವಾ ಶ್ರೋತೃಭೇದವೆಂದು ವಿವರಿಸಬಹುದು. ಎರಡನೆಯ ವಿವರಣೆ ಹೆಚ್ಚು ನ್ಯಾಯವಾದದ್ದು: ಸೌಮ್ಯತೆ ಬಲಹೀನರಿಗಾಗಿ, ನಿಷ್ಠುರತೆ ಬಲಶಾಲಿಗಳಿಗಾಗಿ. ಆದರೆ ಇವೆರಡರ ನಡುವೆ ಮೂರನೆಯ ಶ್ರೋತೃವೊಬ್ಬನಿದ್ದಾನೆ. ಅವನು ಮೂಲನಿವಾಸಿಯೂ ಅಲ್ಲ, ಅರಸನೂ ಅಲ್ಲ. ಅನ್ಯಾಯದಿಂದ ಊಟ ಮಾಡುತ್ತಾ ಭಾನುವಾರ ಬಲಿಪೂಜೆಗೆ ಬರುವ ಸಾಮಾನ್ಯ ವಸಾಹತುಗಾರ. ಅವನ ಮನಸ್ಸನ್ನು ಬದಲಿಸುವುದು ಹೇಗೆ? ಈ ಪ್ರಶ್ನೆಗೆ ಲಾಸ್ ಕಾಸಾಸರ ಗ್ರಂಥಗಳಿಗಿಂತ ಅವರ ಜೀವನವೇ ಹೆಚ್ಚು ಬೆಳಕು ನೀಡುತ್ತದೆ, ಏಕೆಂದರೆ ಅವರೇ ಮೊದಲು ಆ ವಸಾಹತುಗಾರರಾಗಿದ್ದರು.

ಹನ್ನೆರಡು ವರ್ಷ ಕಂಡರೂ ಕಾಣದ ಸತ್ಯ

1502ರಲ್ಲಿ ಹಿಸ್ಪಾನಿಯೋಲಾ ದ್ವೀಪಕ್ಕೆ ಬಂದ ಲಾಸ್ ಕಾಸಾಸ್ ‘ಎಂಕೊಮಿಯೆಂದಾ’ ಪದ್ಧತಿಯ ಫಲಾನುಭವಿಗಳಾದರು. ಮೂಲನಿವಾಸಿಗಳನ್ನು ಸ್ಪೇನಿನವರಿಗೆ ಹಂಚಿಕೊಟ್ಟು, ರಕ್ಷಣೆ ಮತ್ತು ಧರ್ಮೋಪದೇಶದ ಹೆಸರಿನಲ್ಲಿ ಅವರಿಂದ ದುಡಿಮೆ ಮಾಡಿಸಿಕೊಳ್ಳುವ ವ್ಯವಸ್ಥೆ ಅದು. ಯಾಜಕರಾದ ಮೇಲೂ ಅವರು ಅದನ್ನು ಬಿಡಲಿಲ್ಲ.

1511ರ ಡಿಸೆಂಬರ್ 21, ಆಗಮನ ಕಾಲದ ನಾಲ್ಕನೆಯ ಭಾನುವಾರ. ಸಾಂತೊ ದೊಮಿಂಗೊದಲ್ಲಿ ಆಂತೋನಿಯೊ ದೆ ಮೊಂತೆಸಿನೊಸ್ ಎಂಬ ದೊಮಿನಿಕನ್ ಗುರು, ಅಡವಿಯಲ್ಲಿ ಕೂಗುವವನ ದನಿಯನ್ನು ಕುರಿತ ಯೊವಾನ್ನನ ಶುಭಸಂದೇಶದ ವಾಕ್ಯವನ್ನಾಧರಿಸಿ ಪ್ರಬೋಧಿಸಿದರು. ಯಾವ ನ್ಯಾಯದಿಂದ ಈ ಜನರನ್ನು ಇಂಥ ದಾಸ್ಯದಲ್ಲಿಟ್ಟಿದ್ದೀರಿ, ಇವರು ಮನುಷ್ಯರಲ್ಲವೇ ಎಂದು ನೇರವಾಗಿ ಕೇಳಿದರು. ಆ ಪ್ರಬೋಧನೆ ಒಬ್ಬರ ಆವೇಶದ ಮಾತಾಗಿರಲಿಲ್ಲ. ಪೇದ್ರೊ ದೆ ಕೋರ್ದೊಬಾ ಅವರ ನೇತೃತ್ವದ ಸಮುದಾಯವೆಲ್ಲ ಕೂಡಿ ಅದನ್ನು ಸಿದ್ಧಪಡಿಸಿ ಸಹಿ ಹಾಕಿತ್ತು. ರಾಜ್ಯಪಾಲ ದಿಯೇಗೊ ಕೊಲಂಬಸ್ ಮತ್ತು ಇತರ ಪ್ರಮುಖರು ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಮುಂದಿನ ಭಾನುವಾರ ಮೊಂತೆಸಿನೊಸ್ ಇನ್ನೂ ಕಠಿಣವಾಗಿ ಮಾತನಾಡಿ, ದಾರಿಗಳ್ಳರಿಗೆ ಹೇಗೋ ಹಾಗೆಯೇ ಇವರಿಗೂ ಪಾಪವಿಮೋಚನೆ ನೀಡುವುದಿಲ್ಲವೆಂದು ಘೋಷಿಸಿದರು.

ಪರಿಣಾಮವೇನು? ಈ ಪ್ರಸಂಗವನ್ನು ನಮಗಾಗಿ ಉಳಿಸಿಕೊಟ್ಟವರು ಸ್ವತಃ ಲಾಸ್ ಕಾಸಾಸ್, ತಮ್ಮ ಇಂಡೀಸಿನ ಇತಿಹಾಸ ಗ್ರಂಥದಲ್ಲಿ. ಕೇಳಿದವರಲ್ಲಿ ಕೆಲವರು ದಿಗ್ಭ್ರಾಂತರಾದರು, ಕೆಲವರು ಇನ್ನಷ್ಟು ಕಲ್ಲಾದರು, ಕೆಲವರಿಗೆ ಸ್ವಲ್ಪ ಮನಸ್ಸು ಚುಚ್ಚಿತು, ಆದರೆ ತಾವು ತಿಳಿದಂತೆ ಒಬ್ಬರೂ ಪರಿವರ್ತನೆ ಹೊಂದಲಿಲ್ಲ ಎಂದು ಅವರು ದಾಖಲಿಸುತ್ತಾರೆ. ಪ್ರವಾದಿಯ ಮಾತನ್ನು ಕೊಂಡಾಡುವ ನಾವು ಸಾಮಾನ್ಯವಾಗಿ ಈ ಸಾಲನ್ನು ಬಿಟ್ಟು ಓದುತ್ತೇವೆ.

ವಾಸ್ತವಾಂಶ ಅವರಿಗೆ ಹೊಸದಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಗಣಿಗಳಲ್ಲಿ ಜನ ಸಾಯುತ್ತಿದ್ದುದನ್ನು ಅವರು ದಿನವೂ ಕಾಣುತ್ತಿದ್ದರು. ಲಾಸ್ ಕಾಸಾಸರೂ ಕಂಡಿದ್ದರು. ಒಬ್ಬ ದೊಮಿನಿಕನ್ ಗುರು ಅವರಿಗೆ ಪಾಪವಿಮೋಚನೆ ನಿರಾಕರಿಸಿದಾಗ ಅವರು ವಾದಕ್ಕಿಳಿದರೇ ಹೊರತು ಜನರನ್ನು ಬಿಡುಗಡೆ ಮಾಡಲಿಲ್ಲ. 1513ರಲ್ಲಿ ಕ್ಯೂಬಾದ ಆಕ್ರಮಣದಲ್ಲಿ ಕಾವೊನಾವೊ ಎಂಬಲ್ಲಿ ನಡೆದ ನರಮೇಧಕ್ಕೆ ಅವರು ಪ್ರತ್ಯಕ್ಷ ಸಾಕ್ಷಿ. ಅದಾದ ಮೇಲೂ ಕ್ಯೂಬಾದಲ್ಲಿ ತಮಗೆ ಹಂಚಿಕೆಯಾದ ಜನರನ್ನು ಸ್ವೀಕರಿಸಿದರು. ಕ್ರೂರಿಯಾದ ಯಜಮಾನರಾಗಿರಲಿಲ್ಲ ನಿಜ. ಅವರಲ್ಲಿ ಕರುಣೆಯಿತ್ತು, ವಾಸ್ತವಾಂಶವೂ ಇತ್ತು. ನಿಲುವು ಮಾತ್ರ ಬದಲಾಗಲಿಲ್ಲ.

1514ರಲ್ಲಿ ಪಂಚಾಶತ್ತಮ ಹಬ್ಬದ ಪ್ರಬೋಧನೆಗೆ ಸಿದ್ಧತೆ ನಡೆಸುತ್ತಿದ್ದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಅನ್ಯಾಯದಿಂದ ಗಳಿಸಿದ್ದನ್ನು ದೇವರಿಗೆ ಅರ್ಪಿಸಿದರೆ ಅದು ಬಲಿಯಲ್ಲ, ಅಪಹಾಸ್ಯ. ಬಡವರ ರೊಟ್ಟಿಯನ್ನು ಕಸಿಯುವವನು ಕೊಲೆಗಾರ ಎಂಬುದು ಅಲ್ಲಿನ ಬೋಧೆ. ಆಗ ಅವರು ರಾಜ್ಯಪಾಲ ದಿಯೇಗೊ ವೆಲಾಸ್ಕೆಸ್ ಬಳಿಗೆ ಹೋಗಿ ತಮ್ಮ ಪಾಲಿನ ಜನರನ್ನು ಬಿಟ್ಟುಕೊಡುವುದಾಗಿ ತಿಳಿಸಿದರು. ಬೆರಗಾದ ವೆಲಾಸ್ಕೆಸ್ ಮರುಯೋಚಿಸಲು ಹದಿನೈದು ದಿನಗಳ ಕಾಲಾವಕಾಶ ಕೊಟ್ಟರು. ಲಾಸ್ ಕಾಸಾಸ್ ಹಿಂಜರಿಯಲಿಲ್ಲ. ಆಗಸ್ಟ್ 15ರ ಪ್ರಬೋಧನೆಯಲ್ಲಿ ತಮ್ಮ ನಿರ್ಧಾರವನ್ನು ಬಹಿರಂಗಪಡಿಸಿದರು.

ಇಲ್ಲಿ ಬದಲಾದದ್ದು ಮಾಹಿತಿಯಲ್ಲ. ಇದುವರೆಗೆ ‘ಅವರ ಸಂಕಟ’ವಾಗಿದ್ದ ವಿಷಯ ಈಗ ‘ನನ್ನ ಕೈಯಲ್ಲಿರುವ ರೊಟ್ಟಿ’ಯಾಯಿತು. ಯಾಜಕನಿಗೆ ಅದು ಬಲಿಪೀಠದ ಮೇಲಿನ ರೊಟ್ಟಿಯೂ ಹೌದು. ಮೊಂತೆಸಿನೊಸರ ಮಾತು, ಪಾಪವಿಮೋಚನೆಯ ನಿರಾಕರಣೆ, ಕಾವೊನಾವೊದ ನೆನಪು ಎಲ್ಲವೂ ಅಲ್ಲಿ ಕೂಡಿದವು. ಪ್ರಬೋಧನೆ ವ್ಯರ್ಥವಾಗಿರಲಿಲ್ಲ, ಆದರೆ ಅದು ಫಲ ಕೊಡುವಂತಾಗಲು ಕೇಳುಗನು ಏನನ್ನು ಬಿಟ್ಟುಕೊಡಬೇಕೆಂಬುದು ಸ್ಪಷ್ಟವಾಗಬೇಕಿತ್ತು.

ವೃತ್ತಾಂತದ ಬಲವೂ ಮಿತಿಯೂ

ಈ ಹಿನ್ನೆಲೆಯಲ್ಲಿ ಸಂಕ್ಷಿಪ್ತ ವೃತ್ತಾಂತವನ್ನು ಓದಿದರೆ ಅದರ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಅದು ಅರಸೊತ್ತಿಗೆಗಾಗಿ ಬರೆದ ಕೃತಿ. ಮುದ್ರಿತ ರೂಪ ರಾಜಕುಮಾರ ಫಿಲಿಪ್‌ಗೆ ಅರ್ಪಿತವಾಗಿದೆ. ಅರಸನ ಮೇಲೆ ಅದರ ವಾದ ಕೆಲಸ ಮಾಡಿತು. 1542ರ ನವೆಂಬರ್ 20ರಂದು ಚಾರ್ಲ್ಸ್ ದೊರೆ ಹೊರಡಿಸಿದ ಹೊಸ ಕಾನೂನುಗಳು ಮೂಲನಿವಾಸಿಗಳನ್ನು ಗುಲಾಮರನ್ನಾಗಿಸುವುದನ್ನು ನಿಷೇಧಿಸಿದವು, ಎಂಕೊಮಿಯೆಂದಾ ವಂಶಪಾರಂಪರ್ಯವಾಗಿ ಮುಂದುವರಿಯುವುದನ್ನು ತಡೆದವು. ಕಾನೂನು ಬದಲಾಯಿತು, ವಸಾಹತುಗಾರರ ಮನಸ್ಸು ಬದಲಾಗಲಿಲ್ಲ. ಪೆರುವಿನಲ್ಲಿ ಗೊನ್ಸಾಲೊ ಪಿಸಾರೊ ದಂಗೆಯೆದ್ದನು. 1546ರಲ್ಲಿ ವೈಸ್‌ರಾಯ್ ಬ್ಲಾಸ್ಕೊ ನೂನ್ಯೆಸ್ ವೇಲಾ ಯುದ್ಧದಲ್ಲಿ ಹತರಾದರು. ಅದಕ್ಕೂ ಮುಂಚೆ, 1545ರಲ್ಲಿಯೇ, ಉತ್ತರಾಧಿಕಾರವನ್ನು ತಡೆಯುವ ವಿಧಿಯನ್ನು ದೊರೆ ಹಿಂತೆಗೆದುಕೊಂಡಿದ್ದರು.

ಕೃತಿಯೊಳಗೇ ಇದಕ್ಕೊಂದು ಕಾರಣವಿದೆ. ಮೂಲನಿವಾಸಿಗಳ ನಾಯಕರಿಗೆ ಇಲ್ಲಿ ಹೆಸರುಗಳಿವೆ: ಹಾತುವೇ, ಆನಕಾವೊನಾ, ಗ್ವಾರಿಯೊನೆಕ್ಸ್. ಅದೇ ಹಿಂಸೆ ನಡೆಸಿದವರಿಗೆ ಸಾಮಾನ್ಯವಾಗಿ ಹೆಸರಿಲ್ಲ. ಅವರು ಒಬ್ಬ ‘ನಿರಂಕುಶಾಧಿಕಾರಿ’, ಇನ್ನೊಬ್ಬ ‘ನಿರಂಕುಶಾಧಿಕಾರಿ’. ಸತ್ತವರಿಗೆ ಮುಖ ಮರಳಿ ಕೊಟ್ಟದ್ದು ಈ ಕೃತಿಯ ಕರುಣೆ, ಅದನ್ನು ಕಡಿಮೆಯೆನ್ನಲಾಗದು. ಆದರೆ ಮುಖವಿಲ್ಲದ ತೋಳ ಪಶ್ಚಾತ್ತಾಪಪಡಲಾರದು. ಇಂಥ ಪುಟವನ್ನು ಓದಿದ ವಸಾಹತುಗಾರನು ತಾನು ತೋಳವಲ್ಲವೆಂದು ಹೇಳಿ ಪುಸ್ತಕ ಮುಚ್ಚಬಹುದಿತ್ತು.

ಸಂಖ್ಯೆಗಳ ಪ್ರಶ್ನೆಯೂ ಇದೆ. ಹಿಸ್ಪಾನಿಯೋಲಾದಲ್ಲಿದ್ದ 30 ಲಕ್ಷಕ್ಕೂ ಹೆಚ್ಚು ಜನರಲ್ಲಿ ಉಳಿದವರು ಬರೀ 200 ಎನ್ನುತ್ತದೆ ಕೃತಿ. ಆರಂಭದ ಜನಸಂಖ್ಯೆಯನ್ನು ಇಂದಿನ ಹಲವು ಇತಿಹಾಸಕಾರರು ಇದಕ್ಕಿಂತ ಬಹಳ ಕಡಿಮೆಯೆಂದು ಅಂದಾಜಿಸುತ್ತಾರೆ; ಸಿಡುಬಿನಂತಹ ರೋಗಗಳ ಪಾತ್ರವನ್ನೂ ಎತ್ತಿಹೇಳುತ್ತಾರೆ. ವಿನಾಶ ನಡೆದದ್ದು ಸುಳ್ಳಲ್ಲ. ಆದರೆ ನಿಷ್ಠುರ ಸತ್ಯವನ್ನು ಹೇಳುತ್ತೇನೆನ್ನುವವನ ಲೆಕ್ಕ ಅಲುಗಿದರೆ, ಬದಲಾಗಲು ಮನಸ್ಸಿಲ್ಲದವನಿಗೆ ಅದೇ ಆಸರೆಯಾಗುತ್ತದೆ. ಇತ್ತ ಸ್ಪೇನಿನ ವೈರಿಗಳು ಕೃತಿಯನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. 1578ರಲ್ಲಿ ಡಚ್ ಅನುವಾದ ಬಂತು. 1598ರಲ್ಲಿ ಥಿಯೊಡೋರ್ ದೆ ಬ್ರೀ ಅವರ ಚಿತ್ರಗಳೊಂದಿಗೆ ಲತೀನ್ ಆವೃತ್ತಿ ಬಂತು. 1656ರ ಇಂಗ್ಲಿಷ್ ಅನುವಾದ ಕ್ರಾಮ್‌ವೆಲ್‌ಗೆ ಅರ್ಪಿತವಾಯಿತು. ಇನ್ನೊಬ್ಬರ ಪಾಪದ ಲೆಕ್ಕವನ್ನು ಕೇಳಿ ತನ್ನ ರಾಜಕೀಯ ನಿಲುವು ಬದಲಿಸಿಕೊಂಡವರು ವಿರಳ; ಅದನ್ನು ಗಟ್ಟಿಗೊಳಿಸಿಕೊಂಡವರು ಬಹಳ.

ಮೊತೊಲಿನಿಯಾರ ಆಕ್ಷೇಪ

ಹಾಗಾದರೆ ವಸಾಹತುಗಾರರೊಂದಿಗೆ ಸೌಮ್ಯವಾಗಿ ನಡೆದುಕೊಳ್ಳಬೇಕಿತ್ತೇ? ಹೌದೆಂದವರು ಫ್ರಾನ್ಸಿಸ್ಕನ್ ಸಭೆಯ ಮೊತೊಲಿನಿಯಾ. 1555ರ ಜನವರಿಯಲ್ಲಿ ಚಾರ್ಲ್ಸ್ ದೊರೆಗೆ ಬರೆದ ಪತ್ರದಲ್ಲಿ ಅವರು ಲಾಸ್ ಕಾಸಾಸರನ್ನು ಕಟುವಾಗಿ ಟೀಕಿಸಿದರು: ಉತ್ಪ್ರೇಕ್ಷೆ ಮಾಡುತ್ತಾರೆ, ಇಡೀ ಸಮುದಾಯವನ್ನು ಅವಮಾನಿಸುತ್ತಾರೆ, ಒಂದೆಡೆ ನಿಂತು ಜನರೊಂದಿಗೆ ದುಡಿಯುವುದಿಲ್ಲ. ಮೊತೊಲಿನಿಯಾ ಮೂಲನಿವಾಸಿಗಳ ಶತ್ರುವಾಗಿರಲಿಲ್ಲ. ದಶಕಗಳ ಕಾಲ ಅವರ ನಡುವೆಯೇ ಬದುಕಿದವರು, ಅವರ ಬಡತನದ ಪದವನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡವರು. ಆದ್ದರಿಂದ ಈ ಆಕ್ಷೇಪಕ್ಕೆ ತೂಕವಿದೆ.

ಆದರೂ ಇದರಲ್ಲಿ ಒಂದು ಬಿರುಕಿದೆ. ತಪ್ಪಿತಸ್ಥನ ಮನಸ್ಸು ಹದಗೊಳ್ಳಲು ಕಾಲ ಬೇಕೆಂಬುದು ನಿಜವಿರಬಹುದು. ಆ ಕಾಲದ ಬೆಲೆಯನ್ನು ಕೊಡುವವರು ಯಾರು? ಕೇಳುಗನ ಮೇಲಿನ ನಮ್ಮ ಕರುಣೆಗೆ, ಅಲ್ಲಿ ಇಲ್ಲದ ಇನ್ನೊಬ್ಬನು ತನ್ನ ದುಡಿಮೆಯಿಂದ, ಕೆಲವೊಮ್ಮೆ ತನ್ನ ಪ್ರಾಣದಿಂದ, ಬೆಲೆ ತೆರುತ್ತಿರಬಹುದು. ಜಗದ್ಗುರು ಫ್ರಾನ್ಸಿಸ್ ಅವರು 2020ರ ‘ಫ್ರತೆಲ್ಲಿ ತೂತ್ತಿ’ ವಿಶ್ವಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ: ಶೋಷಕನನ್ನು ಪ್ರೀತಿಸುವುದೆಂದರೆ ಅವನ ಶೋಷಣೆ ಮುಂದುವರಿಯಲು ಬಿಡುವುದಲ್ಲ; ಅವನನ್ನು ತಡೆಯುವುದೇ ಅವನ ಮೇಲಿನ ನಿಜವಾದ ಪ್ರೀತಿ.

ಧರ್ಮಾಧ್ಯಕ್ಷರಾಗಿ ಲಾಸ್ ಕಾಸಾಸ್ ಹಿಡಿದ ದಾರಿ ಇದಕ್ಕೆ ಹತ್ತಿರವಾದುದು. 1545ರಲ್ಲಿ ಚಿಯಾಪಸ್‌ನಲ್ಲಿ ಗುಲಾಮರನ್ನು ಇಟ್ಟುಕೊಂಡವರಿಗೆ ಪಾಪವಿಮೋಚನೆ ನೀಡುವ ಅಧಿಕಾರವನ್ನು ಅವರು ತಮ್ಮಲ್ಲಿಯೇ ಕಾಯ್ದಿರಿಸಿಕೊಂಡರು. ಬಳಿಕ ಪಾಪನಿವೇದನೆ ಕೇಳುವ ಗುರುಗಳಿಗಾಗಿ ಹನ್ನೆರಡು ನಿಯಮಗಳನ್ನು ಬರೆದರು. ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸುವ ವ್ಯವಸ್ಥೆ ಮಾಡದವನಿಗೆ ವಿಮೋಚನೆಯಿಲ್ಲ ಎಂಬುದು ಅವುಗಳ ತಿರುಳು. ಊರು ಅವರ ಮೇಲೆ ತಿರುಗಿಬಿತ್ತು; 1548ರಲ್ಲಿ ಅರಮನೆ ಆ ನಿಯಮಗಳ ಪ್ರತಿಗಳನ್ನು ವಶಪಡಿಸಿಕೊಳ್ಳಲು ಆದೇಶಿಸಿತು. ಆದರೂ ಮುಂದಿನ ವರ್ಷಗಳಲ್ಲಿ ಪೆರುವಿನ ಕೆಲವು ಎಂಕೊಮಿಯೆಂದಾ ಒಡೆಯರು ಮೂಲನಿವಾಸಿಗಳಿಗೆ ಋಣ ಹಿಂದಿರುಗಿಸುವ ವ್ಯವಸ್ಥೆಯನ್ನು ತಮ್ಮ ಉಯಿಲುಗಳಲ್ಲಿ ಬರೆಸಿದರು. ಸಂಖ್ಯೆಯಲ್ಲಿ ಅವರು ಕಡಿಮೆ. ಆದರೆ ಮನಸ್ಸು ಬದಲಾಯಿತೆನ್ನಲು ನಮಗಿರುವ ಗಟ್ಟಿ ಪುರಾವೆ ಈ ಉಯಿಲುಗಳೇ. ಪಾಪನಿವೇದನೆಯಲ್ಲಿ ಪಾಪಿಗೆ ಮುಖವಿದೆ, ಅವನು ಹಿಂದಿರುಗಿಸಬೇಕಾದ ಮೊತ್ತವಿದೆ, ಅವನಿಗಾಗಿ ಕಾದಿರುವ ಕ್ಷಮೆಯೂ ಇದೆ. ನಿಷ್ಠುರತೆ ಮತ್ತು ಕರುಣೆ ಅಲ್ಲಿ ಎರಡಲ್ಲ.

ವಾಸ್ತವಾಂಶವಿಲ್ಲದ ಕರುಣೆ

ಲಾಸ್ ಕಾಸಾಸರ ಬದುಕಿನ ಕಪ್ಪು ಅಧ್ಯಾಯ ನಮ್ಮ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದ ಉತ್ತರಿಸುತ್ತದೆ. ಮೂಲನಿವಾಸಿಗಳ ಹೊರೆ ಇಳಿಸಬೇಕೆಂಬ ಕರುಣೆಯಿಂದಲೇ ಅವರು 1516ರಲ್ಲಿ, ಬದಲಿಗೆ ಗುಲಾಮರನ್ನು ತರಬಹುದೆಂದು ಸೂಚಿಸಿದರು. ಆಫ್ರಿಕನ್ನರೂ ಅದರಲ್ಲಿ ಸೇರಿದ್ದರು. ನ್ಯಾಯವಾದ ಯುದ್ಧದಲ್ಲಿ ಸೆರೆಸಿಕ್ಕವರೇ ಆಫ್ರಿಕನ್ ಗುಲಾಮರು ಎಂಬ ಆ ಕಾಲದ ನಂಬಿಕೆಯನ್ನು ಅವರು ಪ್ರಶ್ನಿಸಿರಲಿಲ್ಲ. ಒಬ್ಬರ ಮೇಲಿನ ಕರುಣೆ ಇನ್ನೊಬ್ಬರಿಗೆ ಸಂಕೋಲೆಯಾಯಿತು. ಮುಪ್ಪಿನಲ್ಲಿ, ಪೋರ್ಚುಗೀಸ್ ಚರಿತ್ರೆಕಾರರ ಬರಹಗಳನ್ನು ಓದಿ, ಆ ಜನರನ್ನು ಹೇಗೆ ಹಿಡಿದು ತರಲಾಗುತ್ತಿತ್ತೆಂದು ಅವರು ತಿಳಿದರು. ತಮ್ಮ ಸಲಹೆ ಅನ್ಯಾಯವೆಂದು ಇತಿಹಾಸ ಗ್ರಂಥದಲ್ಲಿ ಬರೆದರು. ದೇವರ ತೀರ್ಪಿನ ಮುಂದೆ ತಮ್ಮ ಅಜ್ಞಾನ ಕ್ಷಮೆಗೆ ಅರ್ಹವೇ ಎಂಬ ಅಳುಕನ್ನೂ ಮರೆಮಾಚಲಿಲ್ಲ.

ಈ ಎರಡು ಪರಿವರ್ತನೆಗಳನ್ನು ಜೊತೆಗಿಟ್ಟು ನೋಡಬೇಕು. 1514ಕ್ಕೆ ಮುಂಚೆ ಕಣ್ಣಾರೆ ಕಂಡ ಸಾವುಗಳೂ ಅವರನ್ನು ಕದಲಿಸಲಿಲ್ಲ. ಮುಪ್ಪಿನಲ್ಲಿ ಪುಸ್ತಕದಲ್ಲಿ ಓದಿದ ಸಂಗತಿ ಅವರನ್ನು ಬದಲಿಸಿತು. ಮೊದಲನೆಯ ಸಲ ಕೈ ಮುಷ್ಟಿ ಕಟ್ಟಿತ್ತು. ಎರಡನೆಯ ಸಲ ಕೈ ಬರಿದಾಗಿತ್ತು. ವಾಸ್ತವಾಂಶ ಮನಸ್ಸನ್ನು ಬದಲಿಸಬಲ್ಲದು, ಅದನ್ನು ಒಪ್ಪಿದರೆ ಕಳೆದುಕೊಳ್ಳುವುದು ಏನೂ ಇಲ್ಲದವನಲ್ಲಿ, ಅಥವಾ ಕಳೆದುಕೊಳ್ಳಲು ಸಿದ್ಧನಾದವನಲ್ಲಿ.

ಪ್ರವಾದಿ ನಾತಾನನ ಕ್ರಮವೂ ಇದೇ. ದಾವೀದನಿಗೆ ಬತ್ಷೆಬಳ ವಿಷಯ ತಿಳಿಯದಿರಲಿಲ್ಲ. ನಾತಾನನು ಮೊದಲು ಬಡವನ ಹೆಣ್ಣುಕುರಿಮರಿಯ ಕಥೆ ಹೇಳಿದನು. ಆ ಕಥೆಯಲ್ಲಿ ದಾವೀದನಿಗೆ ಕಳೆದುಕೊಳ್ಳುವಂಥದು ಏನೂ ಇರಲಿಲ್ಲವಾದ್ದರಿಂದ ಅವನು ನ್ಯಾಯವನ್ನು ಕಾಣಬಲ್ಲವನಾದನು. ಗಮನಿಸಬೇಕಾದುದು: ನಾತಾನನು ಎಬ್ಬಿಸಿದ ಕರುಣೆ ದಾವೀದನ ಮೇಲಿನದಲ್ಲ, ಆ ಬಡವನ ಮೇಲಿನದು. ಅದಾದ ಮೇಲೆ ನಿಷ್ಠುರ ಸತ್ಯ, ಹೆಸರು ಹಿಡಿದು, ಎದುರಾಎದುರು. ಅದಾದ ಮೇಲೆಯೇ ಕ್ಷಮೆಯ ಮಾತು.

ಇಂದಿನ ಸಮಾಜವಿಜ್ಞಾನದ ಕಾಣ್ಕೆಗಳೂ ಇದಕ್ಕೆ ದೂರವಿಲ್ಲ. ತಪ್ಪು ಮಾಹಿತಿಯನ್ನು ತಿದ್ದಿದರೆ ಜನ ಇನ್ನಷ್ಟು ಹಟ ಹಿಡಿಯುತ್ತಾರೆಂದು 2010ರಲ್ಲಿ ನೈಹನ್ ಮತ್ತು ರೈಫ್ಲರ್ ವರದಿ ಮಾಡಿದ್ದರು. 2019ರಲ್ಲಿ ವುಡ್ ಮತ್ತು ಪೋರ್ಟರ್ ನಡೆಸಿದ ವಿಸ್ತಾರವಾದ ಅಧ್ಯಯನದಲ್ಲಿ ಅಂಥ ಹಟ ಅಪರೂಪವೆಂದು ಕಂಡುಬಂತು. ಜನ ತಿದ್ದುಪಡಿಯನ್ನು ಒಪ್ಪುತ್ತಾರೆ, ಆದರೆ ಹಲವು ವೇಳೆ ತಮ್ಮ ಪಕ್ಷವನ್ನು ಬಿಡುವುದಿಲ್ಲ. 2016ರಲ್ಲಿ ಬ್ರೂಕ್ಮನ್ ಮತ್ತು ಕಲ್ಲಾ ಪ್ರಕಟಿಸಿದ ಮಯಾಮಿಯ ಪ್ರಯೋಗದಲ್ಲಿ, ತೀರ್ಪು ಕೊಡದೆ ಕೇಳಿಸಿಕೊಳ್ಳುವ ಸುಮಾರು ಹತ್ತು ನಿಮಿಷಗಳ ಸಂಭಾಷಣೆ ಪೂರ್ವಗ್ರಹವನ್ನು ಕನಿಷ್ಠ ಮೂರು ತಿಂಗಳ ಕಾಲ ತಗ್ಗಿಸಿತು. ಇವು ಸ್ವಾಗತಾರ್ಹ. ಆದರೆ ಕರುಣೆಯನ್ನು ಮತ ಬದಲಿಸುವ ತಂತ್ರವಾಗಿ ಎರವಲು ಪಡೆಯುವ ಮುನ್ನ ಲಾಸ್ ಕಾಸಾಸರ ಮೊದಲ ಷರತ್ತನ್ನು ನೆನೆಯಬೇಕು: ಕೇಳುಗನ ಮೇಲೆ ಅಧಿಕಾರ ನಡೆಸುವ ಆಸೆ ಪ್ರಬೋಧಕನಿಗೆ ಇರಬಾರದು. ಗೆಲ್ಲುವ ಉಪಾಯವಾದ ಸೌಮ್ಯತೆ ಆ ಆಸೆಯ ಇನ್ನೊಂದು ವೇಷ.

ನಮ್ಮ ಪ್ರಬೋಧನಾ ಪೀಠ

2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಜಾತಿ ತಾರತಮ್ಯ ಘೋರವಾದ ಸಾಮಾಜಿಕ ಪಾಪವೆಂದೂ ಅದು ಧರ್ಮಸಭೆಯೊಳಗೂ ಇದೆಯೆಂದೂ ಒಪ್ಪಿಕೊಂಡಿತು. ವಾಸ್ತವಾಂಶ ನಮ್ಮ ಮುಂದಿದೆ. ಅದನ್ನು ನಾವು ಎರಡು ಬಗೆಯಲ್ಲಿ ನಿಷ್ಫಲಗೊಳಿಸುತ್ತೇವೆ: ಹೆಸರಿಲ್ಲದ ತೋಳಗಳನ್ನು ಬೈದು ಇಳಿದುಬರುವುದರಿಂದ, ಇಲ್ಲವೇ ಯಾರಿಗೂ ನೋವಾಗದಂತೆ ಪ್ರೀತಿಯ ಬಗ್ಗೆ ಮಾತನಾಡಿ ಮುಗಿಸುವುದರಿಂದ. ಮೊದಲನೆಯದರಲ್ಲಿ ಕೇಳುಗನಿಗೆ ಮುಖವಿಲ್ಲ, ಎರಡನೆಯದರಲ್ಲಿ ನೊಂದವನಿಗೆ ಮುಖವಿಲ್ಲ.

ಲಾಸ್ ಕಾಸಾಸರ ಓದು ಸೂಚಿಸುವ ಪರೀಕ್ಷೆ ಸರಳ. ನಾನು ಹೇಳುವ ಸತ್ಯ ಲೆಕ್ಕದಲ್ಲಿ ಸರಿಯಿದೆಯೇ? ನನ್ನ ಕರುಣೆಯ ಬೆಲೆಯನ್ನು ತೆರುವವರು ಯಾರು? ಕೇಳುಗನು ಹಿಂದಿರುಗಿಸಬೇಕಾದುದು ಏನೆಂದು, ಅಂದರೆ ಪಂಕ್ತಿಯಲ್ಲಿ ಯಾರ ಸ್ಥಾನ, ಸ್ಮಶಾನದಲ್ಲಿ ಯಾರ ನೆಲ, ಕೂಲಿಯಲ್ಲಿ ಯಾರ ಪಾಲು ಎಂದು, ಅವನಿಗೆ ತಿಳಿಯುವಂತೆ ಹೇಳಿದೆನೇ? ಹಿಂದಿರುಗಿಸಿದವನನ್ನು ಬರಮಾಡಿಕೊಳ್ಳಲು ನಾನು ಅಲ್ಲಿರುತ್ತೇನೆಯೇ? ಕೊನೆಯದಾಗಿ, ಇದನ್ನು ಹೇಳಲು ನನ್ನ ಕೈ ಬರಿದಾಗಿದೆಯೇ? ಸಾಂತೊ ದೊಮಿಂಗೊದ ಸನ್ಯಾಸಿಗಳಿಗೆ ಆ ಭಾನುವಾರ ಮಾತನಾಡುವ ಹಕ್ಕು ದೊರೆತದ್ದು ಪ್ರಬೋಧನಾ ಪೀಠದಿಂದಷ್ಟೇ ಅಲ್ಲ, ಆ ಊರಿನ ಅನ್ಯಾಯದಲ್ಲಿ ಅವರಿಗೆ ಪಾಲಿಲ್ಲದಿದ್ದುದರಿಂದ. ಪರಿವರ್ತನೆ ಪವಿತ್ರಾತ್ಮರ ಕಾರ್ಯ. ಅದರ ಕಾಲ ನಮ್ಮ ಕೈಯಲ್ಲಿಲ್ಲ. ಮೊಂತೆಸಿನೊಸರ ಮಾತು ಒಬ್ಬ ಯಾಜಕನಲ್ಲಿ ಫಲ ಕೊಡಲು ಎರಡೂವರೆ ವರ್ಷ ಬೇಕಾಯಿತು. ಆದರೆ ಆ ಮಾತನ್ನು ಅವರು ಆಡಿದ್ದರು, ಆಡಿ ಅಲ್ಲಿಯೇ ನಿಂತಿದ್ದರು.